ಕ್ಯಾಪ್ಟನ್ ಹಾಗೆ ಹೋಗಬಾರದಿತ್ತು

1947ರ 'ದಿ ಘೋಸ್ಟ್ ಅಂಡ್ ಮಿಸೆಸ್ ಮ್ಯೂರ್' ಸಿನಿಮಾದಲ್ಲಿ ದೆವ್ವ ಇದೆ, ಆದರೆ ಹೆದರಿಸೋ ದೆವ್ವ ಅಲ್ಲ. ಗಂಡನನ್ನು ಕಳೆದುಕೊಂಡ ಲೂಸಿ, ಅತ್ತೆ-ನಾದಿನಿ ಬೇಡ ಅಂದರೂ ಕೇಳದೆ, ಮಗಳನ್ನು ಕರೆದುಕೊಂಡು ಲಂಡನ್ ಬಿಡುತ್ತಾಳೆ. ಸಮುದ್ರದ ದಂಡೆಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿಯುತ್ತಾಳೆ. ಸತ್ತುಹೋದ ಹಡಗಿನ ಕ್ಯಾಪ್ಟನ್ ಗ್ರೆಗ್ ಇನ್ನೂ ಅಲ್ಲೇ ಓಡಾಡಿಕೊಂಡಿದ್ದಾನೆ. ತಾನೇ ಜೀವ ತೆಗೆದುಕೊಂಡ ಅಂತ ಊರೆಲ್ಲ ಮಾತಾಡಿತ್ತು. ನಿಜ ಅಂದ್ರೆ, ನಿದ್ದೆಗಣ್ಣಲ್ಲಿ ಕಾಲು ತಾಗಿ ಗ್ಯಾಸ್ ಹೀಟರ್ ತೆರೆದುಕೊಂಡಿತ್ತು, ಅಷ್ಟೇ.

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಅವ್ವನ ಜೊತೆ ಕೂತು ನೋಡಿದೆ. ಅವ್ವನಿಗೆ ಇಂಗ್ಲಿಷ್ ಬರಲ್ಲ, ನಡುನಡುವೆ ನಿಲ್ಲಿಸಿ ಕಥೆ ಹೇಳ್ತಿದ್ದೆ. ಅತ್ತೆ-ನಾದಿನಿ ಬಂದಾಗ ಮಾತ್ರ ಏನೂ ಹೇಳಬೇಕಾಗಲಿಲ್ಲ! ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ, ಮುಳುಗಡೆ ಪರಿಹಾರದ ದುಡ್ಡಲ್ಲಿ ಕಟ್ಟಿದ ಮನೆ ಇದು. ಅಪ್ಪ ಹೋದಾಗ ಕಾಕಾ-ಕಾಕು ಅವ್ವನನ್ನು ತಮ್ಮ ಮನೆಗೆ ಕರೆದುಕೊಂಡು ಹೋಗೋಕೆ ಬಹಳ ಜಗ್ಗಿದರು. "ನನ್ನ ಮನಿ ಬಿಟ್ಟು ನಾ ಎಲ್ಲೂ ಬರಂಗಿಲ್ಲ" ಅಂದಿದ್ದಳು ಅವ್ವ.

ದುಡ್ಡಿಗೆ ತೊಂದರೆ ಆದಾಗ ಕ್ಯಾಪ್ಟನ್ ತನ್ನ ಸಮುದ್ರದ ಕಥೆ ಹೇಳ್ತಾನೆ, ಲೂಸಿ ಟೈಪ್ ಮಾಡ್ತಾಳೆ. ಒಂದು ಕೆಟ್ಟ ಪದ ಬಂದಾಗ ಅವಳ ಕೈ ನಿಲ್ಲುತ್ತೆ. ಅವನು ಬಿಡಲ್ಲ. ಕೊನೆಗೆ ಅವಳು ಒಂದೊಂದೇ ಕೀಲಿ ಒತ್ತಿ ಆ ಪದ ಹೊಡೀತಾಳೆ. ಇಬ್ಬರ ನಡುವೆ ಇರೋದು ಪ್ರೀತಿ ಅಂತ ನನಗೆ ಗೊತ್ತಾಗಿದ್ದು ಅಲ್ಲೇ. ಲೂಸಿಯಾದ ಜೀನ್ ಟಿಯರ್ನಿ, ಕ್ಯಾಪ್ಟನ್ ಆದ ರೆಕ್ಸ್ ಹ್ಯಾರಿಸನ್ ಕೊನೆಯ ದೃಶ್ಯದವರೆಗೆ ಒಬ್ಬರನ್ನೊಬ್ಬರು ಮುಟ್ಟೋದೇ ಇಲ್ಲ, ಆದರೂ ಕೋಣೆ ತುಂಬಿದ ಹಾಗಿರುತ್ತೆ. ಬರ್ನಾರ್ಡ್ ಹರ್ಮನ್ ಸಂಗೀತದಲ್ಲಿ ಸಮುದ್ರದ ಏರಿಳಿತವೇ ಇದೆ.

ಆಮೇಲೆ ಜೀವಂತ ಗಂಡಸೊಬ್ಬ ಅವಳ ಬದುಕಿಗೆ ಬರ್ತಾನೆ. ಬರಹಗಾರ, ಮಾತುಗಾರ. ಮದುವೆಯಾದವನು ಅಂತ ಆಮೇಲೆ ಗೊತ್ತಾಗುತ್ತೆ. ಅದಕ್ಕೂ ಮೊದಲೇ ಕ್ಯಾಪ್ಟನ್, ಅವಳು ಬದುಕಿರೋರ ಜೊತೆ ಬದುಕಲಿ ಅಂತ, ಮಲಗಿದ್ದವಳ ಹತ್ತಿರ ನಿಂತು ಇದೆಲ್ಲ ಕನಸು, ಪುಸ್ತಕ ನೀನೇ ಬರೆದಿದ್ದು ಅಂತ ಹೇಳಿ ಹೊರಟುಬಿಡ್ತಾನೆ. ತಾನು ತೋರಿಸಬಹುದಾಗಿದ್ದ ದೂರದ ಜಾಗಗಳ ಹೆಸರು ಹೇಳ್ತಾ ಹೇಳ್ತಾ ಹೋಗ್ತಾನೆ. ನನಗೆ ಅಳು ಬಂತು. ಎಂಥ ತ್ಯಾಗ ಅಂದೆ.

ಅವ್ವ ಒಪ್ಪಲಿಲ್ಲ. "ಹೋಗೂದಾದ್ರ ಹೋಗಲಿ. ನೆನಪ ಯಾಕ ಕಸಗೊಂಡ? ಆಕಿನ್ನ ಕೇಳಿದ್ನೇನು?"

ಹೌದಲ್ವಾ. ತಾನೇ ಆರಿಸಿಕೊಂಡ ಮನೆ, ತಾನೇ ಟೈಪ್ ಮಾಡಿದ ಪುಸ್ತಕ. ಅವಳ ಪಾಲಿಗೆ ಏನು ಉಳೀಬೇಕು ಅನ್ನೋದನ್ನ ಅವನೊಬ್ಬನೇ ತೀರ್ಮಾನ ಮಾಡಿದ. ಅತ್ತೆ ಮಾಡೋಕೆ ಹೊರಟಿದ್ದೂ ಅದನ್ನೇ. ದಂಡೆಯ ಕಂಬದಲ್ಲಿ ಕೆತ್ತಿದ ಮಗಳ ಹೆಸರು ಅಲೆ ಹೊಡೆದು ಸವೆಯುತ್ತೆ, ವರ್ಷಗಳು ಹೋಗ್ತವೆ. ದೊಡ್ಡವಳಾದ ಮಗಳು, ಚಿಕ್ಕವಳಿದ್ದಾಗ ತಾನೂ ಕ್ಯಾಪ್ಟನ್ ಜೊತೆ ಮಾತಾಡ್ತಿದ್ದೆ ಅಂತ ಹೇಳಿದಾಗ ಲೂಸಿಯ ಮುಖ ನೋಡಿ. ಮಗಳಿಗೆ ಉಳಿದ ನೆನಪು ತಾಯಿಗೆ ಯಾಕೆ ಉಳೀಬಾರದಿತ್ತು?

ಮುದುಕಿಯಾದ ಲೂಸಿ ಕುರ್ಚಿಯಲ್ಲೇ ಕಣ್ಣು ಮುಚ್ಚಿದಾಗ ಕ್ಯಾಪ್ಟನ್ ಮತ್ತೆ ಬಂದು ಕೈ ಚಾಚ್ತಾನೆ. ಅವಳು ಮತ್ತೆ ಹರೆಯದವಳಾಗಿ ಎದ್ದು ನಿಲ್ತಾಳೆ. ನಾನು ಅವ್ವನ ಕಡೆ ತಿರುಗಿದೆ.

"ಬಂದದ್ದು ಚೊಲೊ ಆತು," ಅಂದಳು. "ಖರೇ, ಭಾಳ ತಡಾ ಮಾಡಿದ."