ಕಿಬೇರಾದಲ್ಲಿ ನಾನು 'ಮುಹಿಂದಿ'

ಕಾಲೇಜು ಪತ್ರಿಕೆಗೆ ಕಾಲೇಜಿನ ದಿನಗಳ ಬಗ್ಗೆಯೇ ಬರೆಯಬೇಕು, ನಿಜ. ಆದರೆ ಇಲ್ಲಿ ಕೇಳಿದ ಒಂದು ಪಾಠ ನನ್ನ ತಲೆಗೆ ಹತ್ತಿದ್ದು ಪದವಿ ಮುಗಿದು ಎರಡು ವರ್ಷದ ಮೇಲೆ, ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ. ಅದನ್ನೇ ಬರೆಯುತ್ತೇನೆ.

ಇತಿಹಾಸದ ಮೇಷ್ಟ್ರು ಉಗಾಂಡಾ ರೈಲ್ವೆಯ ಪಾಠ ಮಾಡಿದ್ದು ಊಟ ಆದ ಮೇಲಿನ ಪೀರಿಯಡ್‌ನಲ್ಲಿ. ಬ್ರಿಟಿಷರು 1896ರಲ್ಲಿ ಕೀನ್ಯಾದ ಮೊಂಬಾಸಾ ಬಂದರಿನಿಂದ ಹಳಿ ಹಾಕಲು ಶುರು ಮಾಡಿದರು. ಹಿಂದೂಸ್ತಾನದಿಂದ 30 ಸಾವಿರಕ್ಕೂ ಜಾಸ್ತಿ ಕೂಲಿಗಳನ್ನು ಹಡಗು ಹತ್ತಿಸಿದರು. ಸುಮಾರು 2,500 ಜನ ಅಲ್ಲೇ ಸತ್ತರು. ನಾನು ಕೊನೇ ಬೆಂಚಿನಲ್ಲಿ ತೂಕಡಿಸುತ್ತಿದ್ದೆ. ಆದರೂ ಆ 2,500 ಹೇಗೋ ಕಿವಿಯಲ್ಲಿ ಉಳಿದುಬಿಟ್ಟಿತ್ತು.

2014ರಲ್ಲಿ ನೈರೋಬಿಯಲ್ಲಿ ಕೆಲಸಕ್ಕಿದ್ದ ಗೆಳೆಯನ ಮನೆಗೆ ಹೋದೆ. ಅವನು ಪ್ರಾಣಿಗಳನ್ನು ನೋಡಲು ಮಸಾಯಿ ಮಾರಾ ಕಾಡಿಗೆ ಹೋಗೋಣ ಅಂದ. ನಾನು ಅಲ್ಲಿನ ದೊಡ್ಡ ಕೊಳೆಗೇರಿ ಕಿಬೇರಾ ನೋಡಬೇಕು ಅಂದೆ. ಎನ್ನೆಸ್ಸೆಸ್ ಕ್ಯಾಂಪಿನಲ್ಲಿ ಮೋರಿ ಬಳಿದವನು ನಾನು, ಬಡತನ ನನಗೇನು ಹೊಸದಾ ಅನ್ನುವ ಜಂಬ. ಒಳಗೊಳಗೆ ಇನ್ನೊಂದು ಲೆಕ್ಕವೂ ಇತ್ತು. ನಾವೂ ಬ್ರಿಟಿಷರ ಕೈಕೆಳಗೆ ಇದ್ದವರು, ಬಡತನ ಕಂಡವರು. ಬಿಳಿಯರನ್ನು ನೋಡುವ ಹಾಗೆ ನನ್ನನ್ನು ನೋಡಲಾರರು, ಅಲ್ವಾ?

ನಗರದ ಮಧ್ಯದಿಂದ ಐದಾರು ಕಿಲೋಮೀಟರ್ ಅಷ್ಟೇ. ಮತಾಟುವಿನಲ್ಲಿ, ಅಂದರೆ ಅಲ್ಲಿನ ಖಾಸಗಿ ವ್ಯಾನಿನಲ್ಲಿ, ಹಾಡು ಕಿವಿ ಹರಿಯುವಷ್ಟು ಜೋರು. ಇಳಿದರೆ ಒಂದು ಕಡೆ ಗಾಲ್ಫ್ ಮೈದಾನದ ಹಸಿರು, ಇನ್ನೊಂದು ಕಡೆ ಕಣ್ಣು ಹಾಯುವಷ್ಟು ದೂರ ತುಕ್ಕು ಹಿಡಿದ ತಗಡಿನ ಮಾಡುಗಳು. ಅದರ ನಡುವೆ ರೈಲು ಹಳಿ. ಹಳಿಯ ಪಕ್ಕದಲ್ಲೇ ಟೊಮೆಟೊ, ಹಳೇ ಶೂ, ಮೊಬೈಲ್ ಚಾರ್ಜರ್ ಹರಡಿಕೊಂಡು ಕೂತಿದ್ದಾರೆ. ರೈಲು ಬಂದರೆ ಸ್ವಲ್ಪ ಸರಿದು ಕೂರುತ್ತಾರೆ.

ಜೊತೆಗೆ ಬಂದವನು ಅಲ್ಲೇ ಹುಟ್ಟಿ ಬೆಳೆದ ಹುಡುಗ, ಕಾಲೇಜು ಓದುತ್ತಿದ್ದ. ಬ್ರಿಟಿಷ್ ಸೇನೆಯಲ್ಲಿದ್ದ, ಸೂಡಾನ್ ಕಡೆಯ ನೂಬಿಯನ್ ಸೈನಿಕರು ಮೊದಲು ನೆಲೆಯಾದ ಜಾಗವಂತೆ ಇದು. ಅವರ ಮಾತಿನಲ್ಲಿ 'ಕಿಬ್ರಾ' ಅಂದರೆ ಕಾಡು. ಇಲ್ಲಿ ಹತ್ತು ಲಕ್ಷ ಜನ ಇದ್ದಾರಂತಲ್ಲ ಅಂದೆ. ನಕ್ಕ. 2009ರ ಜನಗಣತಿಯಲ್ಲಿ ಸಿಕ್ಕಿದ್ದು ಸುಮಾರು 1 ಲಕ್ಷ 70 ಸಾವಿರ. "ದುಡ್ಡು ತರಬೇಕಾದವರು ನಮ್ಮನ್ನು ಜಾಸ್ತಿ ಎಣಿಸುತ್ತಾರೆ, ಕೊಡಬೇಕಾದವರು ಕಮ್ಮಿ ಎಣಿಸುತ್ತಾರೆ" ಅಂದ.

ವಿದೇಶಿಯರನ್ನು ಕಂಡರೆ ಅಲ್ಲಿನ ಮಕ್ಕಳು "ಹೌ ಆರ್ ಯೂ, ಹೌ ಆರ್ ಯೂ" ಅಂತ ರಾಗವಾಗಿ ಹಿಂದೆ ಬೀಳುತ್ತವೆ. ನಮ್ಮ ಮುಂದೆ ಹೋಗುತ್ತಿದ್ದ ಬಿಳಿಯ ಹುಡುಗಿಗೆ ಅದೇ ಸ್ವಾಗತ. ನನ್ನ ಸರದಿ ಬಂದಾಗ ಒಂದು ಪುಟಾಣಿ ಬೆರಳು ತೋರಿಸಿ "ಮುಹಿಂದಿ!" ಅಂತ ಕೂಗಿತು. ಅಂದರೆ ಇಂಡಿಯಾದವನು. ಎಲ್ಲ ಕೊರಳೂ ಅದನ್ನೇ ಹಿಡಿದವು. ನಾನು ಕೈ ಬೀಸುತ್ತಾ ಮುಂದೆ ನೋಡದೆ ಹೆಜ್ಜೆ ಇಟ್ಟೆ. ಎಡಗಾಲು ಮೊಣಕಾಲಿನವರೆಗೂ ಮೋರಿಗೆ ಹೋಯಿತು.

"ಪೋಲೆ, ಪೋಲೆ" ಅನ್ನುತ್ತಾ ಪಕ್ಕದ ಬಾಗಿಲಿನಿಂದ ಒಬ್ಬರು ಹೆಂಗಸು ಓಡಿ ಬಂದರು. ಅಯ್ಯೋ ಪಾಪ ಅನ್ನುವುದಕ್ಕೆ ಅಲ್ಲಿ ಪೋಲೆ ಅನ್ನುತ್ತಾರೆ. ಹೆಂಗಸರನ್ನು ಮಗುವಿನ ಹೆಸರು ಸೇರಿಸಿ 'ಮಾಮಾ ಇಂಥವರು', ಅಂದರೆ ಇಂಥವರ ಅಮ್ಮ, ಅಂತ ಕರೆಯುವುದು ರೂಢಿ. ನಾನು ಬರೀ ಮಾಮಾ ಅಂದೆ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಶೂ ಬಿಚ್ಚಿಸಿ, ಹಳದಿ ಕ್ಯಾನಿನಿಂದ ನೀರು ಸುರಿಯತೊಡಗಿದರು. ಮೊದಲು ಕಾಲಿಗೆ, ಆಮೇಲೆ ಶೂಗೆ. ಲೇಸನ್ನೂ ಬಿಚ್ಚಿ ಸೋಪು ಹಚ್ಚಿ ಉಜ್ಜಿದರು. ಕ್ಯಾನು ಅರ್ಧ ಖಾಲಿಯಾಯಿತು. ಅಲ್ಲಿ ಮನೆಮನೆಗೆ ನಲ್ಲಿ ಇಲ್ಲ, ನೀರು ಮಾರುವ ಕಡೆಯಿಂದ 20 ಲೀಟರಿನ ಕ್ಯಾನ್ ಲೆಕ್ಕದಲ್ಲಿ ಕೊಂಡು ಹೊತ್ತು ತರಬೇಕು ಅಂತ ಹುಡುಗ ಹೇಳಿದ್ದು ಹೊರಗೆ ಬಂದ ಮೇಲೆ. ಲೀಟರಿಗೆ ಲೆಕ್ಕ ಹಾಕಿದರೆ ನಲ್ಲಿ ಇರುವ ಬಂಗಲೆಯವರಿಗಿಂತ ಇವರೇ ಜಾಸ್ತಿ ಕೊಡುತ್ತಾರೆ.

ಒಳಗೆ ಇದ್ದಿಲ ಒಲೆಯ ಮೇಲೆ ಚಪಾತಿ ಬೇಯುತ್ತಿತ್ತು. ಹೆಸರು ನಮ್ಮದು, ಬಗೆ ಬೇರೆ. ಮೈದಾ ಹಿಟ್ಟನ್ನು ಲಟ್ಟಿಸಿ, ಎಣ್ಣೆ ಸವರಿ, ಸುರುಳಿ ಸುತ್ತಿ, ಮತ್ತೆ ಲಟ್ಟಿಸುತ್ತಾರೆ. ಸುಲಿದರೆ ಪದರ ಪದರ. ಮಾಮಾ ಒಂದು ಕೊಟ್ಟರು. ತಿನ್ನುತ್ತಿರುವಾಗ, ನಿಮ್ಮಪ್ಪನ ಅಂಗಡಿ ಯಾವ ಬೀದಿಯಲ್ಲಿ ಅಂತ ಕೇಳಿದರು. ಹುಡುಗನೇ ದುಭಾಷಿ. ಅಂಗಡಿ ಇಲ್ಲ, ಅಪ್ಪ ಬಸ್ ಕಂಡಕ್ಟರ್ ಅಂದೆ. ಅವನು ಅದನ್ನು ಹೇಳಿದ್ದೇ ತಡ, ಮಾಮಾ ಲಟ್ಟಣಿಗೆ ಬಿಟ್ಟು ಜೋರಾಗಿ ನಕ್ಕರು. ಮುಹಿಂದಿ ಮತಾಟುವಿನಲ್ಲಿ ಟಿಕೆಟ್ ದುಡ್ಡು ಕೇಳುತ್ತಾನಾ! ಪಕ್ಕದ ಮನೆಯವರನ್ನೂ ಕರೆದು ಹೇಳಿದರು. ಅವರೂ ನಕ್ಕರು.

ಆಗ ಮೇಷ್ಟ್ರ ಪಾಠದ ಉಳಿದರ್ಧ ನೆನಪಾಯಿತು. ಹಳಿ ಹಾಕಿದ ಕೂಲಿಗಳಲ್ಲಿ ಹೆಚ್ಚಿನವರು ಒಪ್ಪಂದ ಮುಗಿಸಿ ಊರಿಗೆ ಮರಳಿದ್ದರು. ಹಳಿಯ ಗುಂಟ ಬಂದು ಅಂಗಡಿ ಇಟ್ಟವರು ವ್ಯಾಪಾರಿಗಳು. ಅಲ್ಲಿನ ಭಾಷೆ ಸ್ವಾಹಿಲಿಯಲ್ಲಿ ಅಂಗಡಿಗೆ 'ದುಕಾ', ದುಡ್ಡಿಗೆ 'ಪೆಸಾ'. ಬೆಳಗಾದರೆ ಕಿಬೇರಾದಿಂದ ಇಂಡಸ್ಟ್ರಿಯಲ್ ಏರಿಯಾಕ್ಕೆ ಜನ ಸಾಲುಗಟ್ಟಿ ನಡೆದು ಹೋಗುತ್ತಾರೆ, ಬಸ್ ಚಾರ್ಜು ಉಳಿಯಲಿ ಅಂತ. ಅಲ್ಲಿ ಎಷ್ಟೋ ಕಾರ್ಖಾನೆಗಳ ಯಜಮಾನರು ಇಂಡಿಯಾ ಮೂಲದವರು. ನಾನು ಹಳಿ ಹಾಕಿದ ಕೂಲಿಯ ನೆಂಟ ಅಂದುಕೊಂಡು ಹೋಗಿದ್ದೆ. ಅವರ ಕಣ್ಣಿಗೆ ನಾನು ಸಂಬಳ ಕೊಡುವವನು. ಸಂಬಳ ತಡೆಹಿಡಿಯುವವನೂ ಇರಬಹುದು.

ಶೂ ಇನ್ನೂ ಒದ್ದೆ ಇತ್ತು. ಹಾಗೇ ಹಾಕಿಕೊಂಡೆ. ನೀರಿನ ದುಡ್ಡು ಕೊಡಲು ವಾಪಸ್ ಹೋದರೆ ಮಾಮಾ ಮುಖ ಗಂಟಿಕ್ಕಿದರು. ಹುಡುಗ ನನ್ನ ತೋಳು ಹಿಡಿದು ಎಳೆದುಕೊಂಡು ಹೊರಟ.

ಸ್ಟಾಪಿನವರೆಗೂ ಒಬ್ಬ ಯುವಕ ನಮ್ಮ ಹಿಂದೆಯೇ ಬಂದ. ನನ್ನ ವಯಸ್ಸಿನವನೇ, ಇಸ್ತ್ರಿ ಮಾಡಿದ ಶರ್ಟು. "ಬಾಸ್, ನಿಮ್ಮಲ್ಲಿ ಕೆಲಸ ಇದ್ದರೆ ಹೇಳಿ" ಅಂದ. ನನಗೇ ಊರಲ್ಲಿ ಕೆಲಸ ಸಿಕ್ಕಿ ಎಂಟು ತಿಂಗಳಾಗಿತ್ತು ಅಷ್ಟೇ, ಅದೂ ಪರ್ಮನೆಂಟ್ ಆಗಿರಲಿಲ್ಲ. ಹೇಳಿ ನೋಡಿದೆ. ಅವನು ನಂಬಿದ ಹಾಗೆ ಕಾಣಲಿಲ್ಲ. ನೋಟ್‌ಬುಕ್ಕಿನ ಹಾಳೆ ಹರಿದು ಫೋನ್ ನಂಬರ್ ಬರೆದು ಕೊಟ್ಟ. ಹೆಸರಿನ ಕೆಳಗೆ 'ಫುಂಡಿ' ಅಂತ ಬರೆದಿದ್ದ. ಅಂದರೆ ಕೈಕೆಲಸ ಬಲ್ಲವನು. ಕೊಟ್ಟ ಮೇಲೆ ಏನೋ ನೆನಪಾಗಿ ಚೀಟಿ ವಾಪಸ್ ತೆಗೆದುಕೊಂಡ, ಗೋಡೆಗೆ ಒತ್ತಿ ಹಿಡಿದು ಆ ಪದದ ಕೆಳಗೆ ಎರಡು ಗೆರೆ ಎಳೆದ.