ಓದೂ ಇರಬೇಕು, ಗೆಳೆಯರೂ ಇರಬೇಕು: ಯಾವ ಕಾಲೇಜಿಗೆ ಸೇರಿಸೋಣ?

ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುವ ನನಗೆ, ಸಿಇಟಿ, ಜೆಇಇ ಫಲಿತಾಂಶ ಬಂದ ಕೂಡಲೇ ಪೋಷಕರು ಕೇಳುವುದು ಇದನ್ನೇ: "ಸರ್, ಒಳ್ಳೆ ಕಾಲೇಜೇ ಬೇಕು. ಆದ್ರೆ ಮಗು ಬರೀ ಪುಸ್ತಕ ಹಿಡ್ಕೊಂಡು ಕೂರಬಾರದು. ಎಲ್ಲಿ ಸೇರಿಸೋಣ?"

ಸಂಜೆ ಕ್ಲಾಸ್ ಮುಗಿದ ಮೇಲೆ ಮಗು ಎಲ್ಲಿರುತ್ತೆ ಅನ್ನೋದನ್ನು ಮೊದಲು ನೋಡಿ. ಬೆಂಗಳೂರಿನಲ್ಲಿ ಬಸವನಗುಡಿಯ ಬಿಎಂಎಸ್, ಮೈಸೂರು ರಸ್ತೆಯ ಆರ್‌ವಿ ಎಂಜಿನಿಯರಿಂಗ್ ಕಾಲೇಜುಗಳೆರಡೂ ಓದಿಗೆ ಒಳ್ಳೆಯ ಜಾಗಗಳೇ. ಕ್ಲಬ್ಬುಗಳೂ ಇವೆ. ಆದರೆ ಯಲಹಂಕದಿಂದ ದಿನಾ ಓಡಾಡುವ ಹುಡುಗಿಯ ಸಂಜೆಯೆಲ್ಲ ದಾರಿಯಲ್ಲೇ ಕಳೆದುಹೋಗುತ್ತೆ.

ಅದಕ್ಕೇ ಜಾಸ್ತಿ ಮಕ್ಕಳಿಗೆ ನಾನು ಸುರತ್ಕಲ್‌ನ ಎನ್‌ಐಟಿಕೆ (ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ) ಹೇಳುತ್ತೇನೆ, ಅಲ್ಲಿ ಹಾಸ್ಟೆಲ್ಲಿನಲ್ಲೇ ಇದ್ದು ಓದಬಹುದು. 1960ರಲ್ಲಿ ಕೆಆರ್‌ಇಸಿ (ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು) ಆಗಿ ಶುರುವಾದ ಕಾಲೇಜು. ಅರ್ಧ ಸೀಟು ಕರ್ನಾಟಕದವರಿಗೆ, ಉಳಿದರ್ಧ ಹೊರರಾಜ್ಯದವರಿಗೆ. ಹಾಗಾಗಿ ಬೀದರಿನ ಹುಡುಗ, ಪಟ್ನಾದ ಹುಡುಗ ಒಂದೇ ಮೆಸ್ಸಿನಲ್ಲಿ ಉಣ್ಣುತ್ತಾರೆ. ಲ್ಯಾಬ್ ಮುಗಿಸಿ ನಡೆದರೆ ಕಡಲು ಸಿಗುತ್ತೆ. 'ಇನ್ಸಿಡೆಂಟ್', 'ಎಂಜಿನಿಯರ್' ಫೆಸ್ಟುಗಳನ್ನು ನಡೆಸೋದು ವಿದ್ಯಾರ್ಥಿಗಳೇ. ಸ್ಪಾನ್ಸರ್ ಹುಡುಕೋದು, ಲೆಕ್ಕ ಇಡೋದು, ಮುನಿಸಿಕೊಂಡವರನ್ನು ಮತ್ತೆ ಕೆಲಸಕ್ಕೆ ಕರೆತರೋದು, ಇವೆಲ್ಲ ಅಲ್ಲೇ ಬರುತ್ತವೆ. ಹಾಗಂತ ಓದು ಸಡಿಲ ಅಲ್ಲ. ಹಾಜರಾತಿ ಶೇ. 75 ಇರಲೇಬೇಕು.

ವಿಜ್ಞಾನದ ಹುಚ್ಚಿರುವ ಮಗುವಾದರೆ ಮಾತು ಬೇರೆ. ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) 2011ರಲ್ಲಿ ನಾಲ್ಕು ವರ್ಷದ ಪದವಿ ಶುರು ಮಾಡಿತು. ಪದವಿಯವರು ಕಡಿಮೆ, ಕ್ಯಾಂಪಸ್ ತುಂಬ ಸಂಶೋಧಕರು. ಅಲ್ಲಿ ಒಂಟಿತನ ಕಾಡಲ್ವಾ ಅಂತ ಕೇಳುತ್ತಾರೆ. ಗಣಿತದ ಒಂದು ಲೆಕ್ಕ ಹಿಡಿದು ನಡುರಾತ್ರಿವರೆಗೆ ಮಾತಾಡುವ ಮಗುವಿಗೆ ತನ್ನಂಥವರು ಸಿಗುವುದು ಅಲ್ಲೇ, ಇದು ನನ್ನ ಗಟ್ಟಿ ನಂಬಿಕೆ.

ಆಪ್ಷನ್ ಎಂಟ್ರಿಗೆ, ಅಂದ್ರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದಕ್ಕೆ, ಮುಂಚೆ ಸೆಕೆಂಡ್ ಇಯರ್ ಓದುತ್ತಿರುವವರನ್ನು ಮಾತಾಡಿಸಿ. ಫಸ್ಟ್ ಇಯರಿನ ಸಂಭ್ರಮ ಅವರಿಗೆ ಇಳಿದಿರುತ್ತೆ, ಪ್ಲೇಸ್‌ಮೆಂಟ್ ಗಡಿಬಿಡಿ ಇನ್ನೂ ಬಂದಿರಲ್ಲ. ನೀವು ದೂರ ನಿಲ್ಲಿ, ಮಗುವೇ ಕೇಳಲಿ. ಕಳೆದ ಭಾನುವಾರ ಏನು ಮಾಡಿದ್ರಿ? ಪೇಪರ್ ಕಷ್ಟವಾದಾಗ ಪಕ್ಕದಲ್ಲಿ ಕೂತು ಹೇಳಿಕೊಟ್ಟವರು ಯಾರು? ಮಗಳನ್ನು ಕಳಿಸುವವರಾದರೆ ಇನ್ನೊಂದನ್ನೂ ಕೇಳಿಸಿ: ಹುಡುಗಿಯರ ಹಾಸ್ಟೆಲ್ ಗೇಟು ಎಷ್ಟು ಗಂಟೆಗೆ ಮುಚ್ಚುತ್ತೆ? ಹೊತ್ತು ಮುಳುಗುತ್ತಲೇ ಬೀಗ ಬೀಳುವ ಕಡೆ ಲೈಬ್ರರಿ, ರೋಬೋಟಿಕ್ಸ್ ಕ್ಲಬ್, ನಾಟಕದ ರಿಹರ್ಸಲ್ ಎಲ್ಲ ಹುಡುಗರಿಗಷ್ಟೇ ಉಳಿಯುತ್ತೆ.