‘ನಾಳೆ ಬಂದಾಯಿತು’: ತಾಲೀಮಿನ ಒಂಬತ್ತನೆಯ ವಾರ

ಭಾನುವಾರ ರಾತ್ರಿ

ಇಂದು ಮೊದಲ ಬಾರಿಗೆ ಎರಡನೆಯ ಅಂಕವನ್ನು ಎಲ್ಲಿಯೂ ನಿಲ್ಲಿಸದೆ ಕೊನೆಯವರೆಗೆ ಆಡಿದೆವು. 48 ನಿಮಿಷ ಹಿಡಿಯಿತು. ಕಳೆದ ವಾರ ಇದೇ ಅಂಕ ಒಂದು ಗಂಟೆ ದಾಟಿತ್ತು. ಒಂದು ಹಾಡಿನ ಎರಡು ಚರಣಗಳನ್ನೂ ಸೋದರಮಾವನ ಉದ್ದನೆಯ ಮಾತನ್ನೂ ತೆಗೆದಿದ್ದೇವೆ. ಅದಕ್ಕಿಂತ ಹೆಚ್ಚಾಗಿ, ಪ್ರವೇಶಗಳು ಚುರುಕಾಗಿವೆ.

ಕಥೆಯ ಬೀಜವನ್ನು ಇಲ್ಲಿ ಒಮ್ಮೆ ಬರೆದಿಡುತ್ತೇನೆ. 1990ರ ದಶಕದಲ್ಲಿ ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ ಎಂಬ ಸುದ್ದಿ ಹಬ್ಬಿ, ಎಷ್ಟೋ ಮನೆಗಳ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದಿದ್ದರು. ನಾನು ಚಿಕ್ಕವಳಿದ್ದಾಗ ನಮ್ಮ ಬಾಗಿಲ ಮೇಲೂ ಸೀಮೆಸುಣ್ಣದ ಆ ಎರಡು ಪದಗಳಿದ್ದವು. ದೆವ್ವ ಅದನ್ನು ಓದಿ, ಒಪ್ಪಿ, ಹಿಂತಿರುಗುತ್ತದೆ ಎಂಬ ನಂಬಿಕೆ. ಆ ದೆವ್ವದ ವಿನಯ ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ನಮ್ಮ ನಾಟಕದಲ್ಲಿ ಮದುವೆಗೆಂದು ಮನೆಗೆ ಸುಣ್ಣ ಬಳಿಯುವಾಗ ಆ ಬರಹ ಅಳಿಸಿಹೋಗುತ್ತದೆ. ಅಂದು ರಾತ್ರಿ ದೆವ್ವವಾದ ಅಜ್ಜಿಯೊಬ್ಬಳು ಒಳಗೆ ಬರುತ್ತಾಳೆ. ಬದುಕಿದ್ದಾಗ ಆ ಮನೆಯಿಂದ ಕಡ ತಂದಿದ್ದ ಒಂದು ಪಾವು ಸಕ್ಕರೆಯನ್ನು ಹಿಂದಿರುಗಿಸುವುದಷ್ಟೇ ಅವಳ ಉದ್ದೇಶ. ಅದನ್ನು ತೆಗೆದುಕೊಳ್ಳಲು ಯಾರೂ ಮುಂದೆ ಬರುವುದಿಲ್ಲ. ಮದುವೆಮನೆ ಪೂರ್ತಿ ಓಡಲು ತೊಡಗುತ್ತದೆ.

ಬಹಳ ದಿನ ಕಾಡಿದ್ದು ಅಜ್ಜಿಯ ಹಾಡು. ಸುಣ್ಣ ಬಳಿಯುವ ಮೇಳದ ಹಾಡನ್ನು ಮೋಹನ ರಾಗದಲ್ಲಿ ಕೂರಿಸಿದ್ದೆವು:

ಬಿಳಿಬಿಳಿ ಸುಣ್ಣಕೆ ನೀಲಿಯ ಬೆರೆಸಿ
ಬಾಗಿಲ ಬರಹವ ಬಳಿದೆವು ಒರೆಸಿ

ಅಜ್ಜಿಗೆ ಬೇರೆಯೇ ಧಾಟಿ ಬೇಕೆಂದು ನಾಲ್ಕು ಸಲ ಹೊಸದಾಗಿ ಕಟ್ಟಿದೆವು. ಯಾವುದೂ ಅವಳದೆನಿಸಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಗುರುವಾರ ಮೇಳದ ಧಾಟಿಯನ್ನೇ ನುಡಿಸುತ್ತ, ಅಂತರ ಗಾಂಧಾರ, ಅಂದರೆ ಮೇಲಿನ ‘ಗ’, ಇದ್ದಲ್ಲೆಲ್ಲ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸಾಧಾರಣ ಗಾಂಧಾರವನ್ನು ಒತ್ತಿದರು. ಒಂದೇ ಒಂದು ಸ್ವರ ಇಳಿಯಿತು, ಮೋಹನ ಶಿವರಂಜಿನಿಯಾಯಿತು. ಕೋಣೆಯಲ್ಲಿದ್ದವರೆಲ್ಲ ಸುಮ್ಮನಾದರು. ಅದೇ ಮನೆ, ಅದೇ ಧಾಟಿ, ಆದರೆ ಹಾಡುತ್ತಿರುವವಳು ಈ ಲೋಕದವಳಲ್ಲ. ಈಗ ಅಜ್ಜಿ ಹೀಗೆ ಉತ್ತರಿಸುತ್ತಾಳೆ:

ಬರೆದುದು ಅಳಿಯಿತು, ನಾಳೆಯೂ ಆಯಿತು
ಕಡ ತಂದ ಸಕ್ಕರೆ ಕೈಯಲೆ ಉಳಿಯಿತು

ತಾಳದಲ್ಲೂ ಸ್ವಲ್ಪ ಆಟವಿದೆ. ಮನೆಯವರ ಓಡಾಟ ಆದಿತಾಳದಲ್ಲಿ, ಅಜ್ಜಿಯ ನಡಿಗೆ ಖಂಡ ಛಾಪುವಿನಲ್ಲಿ. ಎಂಟರ ಹೆಜ್ಜೆ ಹಾಕುವವರ ನಡುವೆ ಐದರ ಹೆಜ್ಜೆಯವಳು ಹಾದುಹೋದರೆ ಯಾರು ಯಾರಿಗೆ ಎಲ್ಲಿ ಡಿಕ್ಕಿ ಹೊಡೆಯುತ್ತಾರೆ ಎಂಬುದನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಕಲಿಯಬೇಕಾಯಿತು. ಮೇಳದವರು ಇದಕ್ಕಾಗಿ ಮೂರು ಸಂಜೆ ಬೆವರು ಸುರಿಸಿದ್ದಾರೆ. ಇಂದು ಆ ದೃಶ್ಯ ಗಡಿಯಾರದಂತೆ ನಡೆಯಿತು.

ಅಜ್ಜಿಯ ಪಾತ್ರ ಮಾಡುವವರು ಮೊದಲು ಕಣ್ಣರಳಿಸಿ, ದನಿ ನಡುಗಿಸಿ ಹಾಡುತ್ತಿದ್ದರು. ನೋಡುವವರು ಮುಗುಳ್ನಗುತ್ತಿದ್ದರೇ ಹೊರತು ನಗುತ್ತಿರಲಿಲ್ಲ. “ನೀವು ದೆವ್ವ ಎನ್ನುವುದು ನಿಮಗೆ ನೆನಪೇ ಇಲ್ಲ. ಸಾಲ ತೀರಿಸಬೇಕು, ಅಷ್ಟೇ ಮನಸ್ಸಿನಲ್ಲಿರಲಿ” ಎಂದು ಕೇಳಿಕೊಂಡೆ. ಇಂದು ಅವರು ಮದುಮಗನ ಮುಂದೆ ಪಾವು ಚಾಚಿ, “ತಲೆ ತಟ್ಟಿ ಅಳೆದಿದ್ದೇನಪ್ಪಾ, ಕಡಿಮೆಯಿಲ್ಲ” ಎಂದಾಗ ತಬಲಾ ನುಡಿಸುವ ಹುಡುಗ ನಗು ತಡೆಯಲಾರದೆ ಕೈ ನಿಲ್ಲಿಸಿದ. ಪ್ರಸಾಧನದವರೊಬ್ಬರ ಕಣ್ಣು ಒದ್ದೆಯಾಗಿತ್ತು. ಈ ನಾಟಕವನ್ನು ಬರೆಯಲು ಕೂತಾಗ ನಾನು ಬಯಸಿದ್ದು ಇದನ್ನೇ.

ಸದ್ದಿನ ವಿಷಯ. ರಂಗನಿರ್ದೇಶಕ ಬಿ.ವಿ. ಕಾರಂತರು ಕೈಗೆ ಸಿಕ್ಕಿದ ವಸ್ತುವಿನಿಂದಲೂ ರಂಗಕ್ಕೆ ಬೇಕಾದ ನಾದ ಹೊರಡಿಸುತ್ತಿದ್ದರು. ಅವರು ರಂಗಾಯಣ ಕಟ್ಟಿದ ಮೈಸೂರಿನಲ್ಲಿ ನಾಟಕ ಮಾಡುವವರಿಗೆ ಆ ಪಾಠ ದೂರದ್ದಲ್ಲ. ಆದ್ದರಿಂದ ಅಜ್ಜಿ ಬರುವ ಸೂಚನೆಗೆ ಧ್ವನಿಮುದ್ರಣ ಬೇಡ, ಪಾವು ಅಲುಗಿಸುವ ಸದ್ದೇ ಸಾಕು ಎಂದುಕೊಂಡೆವು. ಸಕ್ಕರೆಯ ಸದ್ದು ಮೂರನೆಯ ಸಾಲಿಗೂ ಮುಟ್ಟಲಿಲ್ಲ. ಹುಣಸೆಬೀಜ ಗಿಲಕಿಯಂತಾಯಿತು. ಕೊನೆಗೆ ಹೆಸರುಕಾಳು ಒಪ್ಪಿಗೆಯಾಯಿತು.

ಸಾಂಬ್ರಾಣಿ ಹೊಗೆಯನ್ನು ಕೈಬಿಟ್ಟಿದ್ದೇವೆ, ಹಾಡುವವರ ಗಂಟಲು ಕಟ್ಟುತ್ತಿತ್ತು. ಅದರ ಬದಲು ನೆರಳು. ಬಿಳಿ ಪರದೆಯ ಹಿಂದೆ ಒಂದೇ ಒಂದು ಸಣ್ಣ ದೀಪ. ಅಜ್ಜಿ ದೀಪದ ಹತ್ತಿರ ಸರಿದಷ್ಟೂ ನೆರಳು ಬೆಳೆಯುತ್ತದೆ, ಪರದೆಯ ಹತ್ತಿರ ಬಂದಷ್ಟೂ ಅವಳ ಅಳತೆಗೆ ಇಳಿಯುತ್ತದೆ. ಟ್ಯೂಬ್‌ಲೈಟಿನಲ್ಲಿ ಅಂಚು ಮಸುಕಾಗಿತ್ತು, ಎರಡು ದೀಪ ಇಟ್ಟಾಗ ಎರಡು ಅಜ್ಜಿಯರು ಕಂಡರು. ಚಾವಣಿ ಮುಟ್ಟುವ ಭಯಂಕರ ನೆರಳು ಕುಗ್ಗುತ್ತ ಕುಗ್ಗುತ್ತ ಬಂದು, ಪರದೆ ಸರಿದಾಗ ಪಾವು ಹಿಡಿದ ಪುಟ್ಟ ಮುದುಕಿಯೊಬ್ಬಳು ನಿಂತಿರುತ್ತಾಳೆ. ಇಡೀ ನಾಟಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಅದು.

ಇನ್ನೂ ಬಾಕಿ ಇರುವುದು: ಮೊದಲ ಅಂಕದ ಯುಗಳಗೀತೆ. ಹುಡುಗನ ಶ್ರುತಿ, ಅಂದರೆ ಹಾಡಲು ಆಧಾರವಾದ ಸ್ವರದ ಎತ್ತರ, ಒಂದೂವರೆ, ಹುಡುಗಿಯದು ಅದಕ್ಕಿಂತ ಬಹಳ ಮೇಲಿನ ಐದು. ನಡುವೆ ಎಲ್ಲಿ ನಿಲ್ಲಿಸಿದರೂ ಒಬ್ಬರಿಗೆ ಕಷ್ಟ. ಚರಣಗಳನ್ನು ಹಂಚಿಕೊಟ್ಟು, ಕೊನೆಯ ಎರಡು ಸಾಲನ್ನು ಮಾತ್ರ ಒಟ್ಟಿಗೆ ಹಾಡಿಸುವ ಯೋಚನೆಯಿದೆ, ಬುಧವಾರ ನೋಡಬೇಕು. ಮದುವೆಮನೆಯ ಚಪ್ಪರಕ್ಕೆ ಬಿದಿರು ಬಂದಿದೆ, ತೆಂಗಿನ ಗರಿ ಪ್ರದರ್ಶನದ ಹಿಂದಿನ ದಿನ ಬರುತ್ತದೆ.

ಹಿತ್ತಾಳೆಯ ಪಾವು ಸಿಕ್ಕಿತು. ಮೇಳದ ಹುಡುಗಿಯೊಬ್ಬಳ ಅಜ್ಜಿ ತಮ್ಮ ಅಡುಗೆಮನೆಯಿಂದಲೇ ತೆಗೆದುಕೊಟ್ಟರು. ತಳದಲ್ಲಿ ಅವರ ತಾಯಿಯ ಹೆಸರು ಕೊರೆದಿದೆ. ಕೊನೆಯ ಪ್ರದರ್ಶನದ ಮರುದಿನ ನಾನೇ ಅದನ್ನು ತೊಳೆದು, ತುಂಬ ಸಕ್ಕರೆ ಹಾಕಿಕೊಂಡು ಹೋಗಿ ಕೊಟ್ಟು ಬರುತ್ತೇನೆ.